ಕಿಟ್ಟದಿಂದ ಸಿಮೆಂಟು

ನಾಗಸಂದ್ರದ ಪಕ್ಕದಲ್ಲೇ ಪೀಣ್ಯ. ಅಲ್ಲಿನ ಶೆಡ್ಡುಗಳಲ್ಲಿ ಕಬ್ಬಿಣ ಕೊರೆಯುವ ಸದ್ದು ನಮಗೆ ಹೊಸದಲ್ಲ. ಕಬ್ಬಿಣ ಎಲ್ಲಿಂದ ಬರುತ್ತೆ? ಅದಿರಿನಿಂದ. ಅದಿರಿನಿಂದ ಕಬ್ಬಿಣ ತೆಗೆದ ಮೇಲೆ ಉಳಿದ ಕಸ ಏನಾಗುತ್ತೆ? ತಿಳಿಯೋಣ ಬನ್ನಿ.

ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿ ಜಿಂದಾಲ್ ಉಕ್ಕಿನ ಕಾರ್ಖಾನೆ ಇದೆ. ಅಲ್ಲಿ ದೊಡ್ಡ ಊದು ಕುಲುಮೆಗಳಿವೆ. ಅದಿರು, ಸುಣ್ಣದ ಕಲ್ಲು, ಕೋಕ್ ಕಲ್ಲಿದ್ದಲು ಹಾಕಿ ಬಿಸಿಗಾಳಿ ಊದುತ್ತಾರೆ. ಕೋಕ್ ಉರಿಯುತ್ತೆ. ಸುಮಾರು 1,500 ಡಿಗ್ರಿ ಶಾಖಕ್ಕೆ ಉಳಿದದ್ದು ಕರಗುತ್ತೆ. ಭಾರವಾದ ಕಬ್ಬಿಣ ತಳಕ್ಕೆ ಇಳಿಯುತ್ತೆ. ಅದಿರಿನ ಮಣ್ಣೂ ಸುಣ್ಣವೂ ಕೂಡಿ, ಹಾಲಿನ ಕೆನೆಯ ಹಾಗೆ ಮೇಲೆ ತೇಲುತ್ತೆ. ಇದೇ ಕಿಟ್ಟ. ಇಂಗ್ಲಿಷಿನಲ್ಲಿ ಸ್ಲ್ಯಾಗ್ ಅಂತಾರೆ. ಒಂದು ಟನ್ ಕಬ್ಬಿಣಕ್ಕೆ ಸುಮಾರು 300ರಿಂದ 400 ಕಿಲೋ ಕಿಟ್ಟ ಬರುತ್ತೆ. ಸುಮ್ಮನೆ ಸುರಿದರೆ ಗುಡ್ಡವೇ ಆದೀತು.

ಕಿಟ್ಟ ತಾನಾಗಿ ನಿಧಾನವಾಗಿ ಆರಿದರೆ ಕಲ್ಲಾಗುತ್ತೆ. ಒಡೆದು ರಸ್ತೆಗೆ ಜಲ್ಲಿ ಮಾಡಬಹುದು. ಕರಗಿದ ಕಿಟ್ಟದ ಮೇಲೆ ಜೋರಾಗಿ ನೀರು ಹಾಯಿಸಿದರೆ ಅದು ಗಾಜಿನ ಸಣ್ಣ ಕಾಳುಗಳಾಗುತ್ತೆ. ಬಿಸಿ ಬೆಲ್ಲದ ಪಾಕವನ್ನು ತಣ್ಣೀರಿಗೆ ಬಿಟ್ಟು ನೋಡಿದ್ದೀರಲ್ಲ? ತಕ್ಷಣ ಗಟ್ಟಿಯಾಗಿ ಟಕ್ಕನೆ ಮುರಿಯುತ್ತೆ. ಇದೂ ಹಾಗೇ.

ಈ ಕಾಳುಗಳನ್ನು ಹಿಟ್ಟಿನಂತೆ ಅರೆದು ಸಿಮೆಂಟಿಗೆ ಸೇರಿಸುತ್ತಾರೆ. ಅದೇ ಸ್ಲ್ಯಾಗ್ ಸಿಮೆಂಟು. ಬರೀ ಸಿಮೆಂಟು ಮಾಡಲು ಸುಣ್ಣದ ಕಲ್ಲನ್ನು ಅಗೆದು ಸುಡಬೇಕು. ಕಿಟ್ಟ ಸೇರಿಸಿದಷ್ಟೂ ಕಲ್ಲು, ಕಲ್ಲಿದ್ದಲು ಉಳಿಯುತ್ತೆ. ಹೊಗೆಯೂ ಕಡಿಮೆ. ಕಿಟ್ಟದ ಕಾಳನ್ನು ನದಿ ಮರಳಿನ ಬದಲು ಬಳಸುವುದೂ ಉಂಟು.

ಗಾರೆ ಕೆಲಸದವರು ಒಂದು ಮಾತು ನೆನಪಿಡಿ. ಸ್ಲ್ಯಾಗ್ ಸಿಮೆಂಟು ಮೊದಲು ನಿಧಾನವಾಗಿ ಗಟ್ಟಿಯಾಗುತ್ತೆ. ಆಮೇಲೆ ಬಲ ಹೆಚ್ಚುತ್ತಾ ಹೋಗುತ್ತೆ. ಮೂರು ದಿನಕ್ಕೇ ನೀರು ಹೊಡೆಯುವುದನ್ನು ನಿಲ್ಲಿಸಬೇಡಿ. 14 ದಿನ ತೇವ ಇರಲಿ. ಇಲ್ಲದಿದ್ದರೆ ಬಲ ಬರೋದಿಲ್ಲ, ಬಿರುಕು ಬಿಡುತ್ತೆ. ಯಾವ ಸಿಮೆಂಟು ಎಂದು ಚೀಲದ ಮೇಲೆ ಬರೆದಿರುತ್ತೆ. ತಿಳಿಯದಿದ್ದರೆ ಮೇಸ್ತ್ರಿಯನ್ನು ಕೇಳಿ.

ಆದರೆ ಕಾರ್ಖಾನೆಯ ಕಸವೆಲ್ಲ ಕಿಟ್ಟದಂತಲ್ಲ. ಲೋಹಕ್ಕೆ ಹೊಳಪಿನ ಲೇಪ ಹಾಕುವ ಶೆಡ್ಡುಗಳ ಕೆಸರಿನಲ್ಲಿ ಕ್ರೋಮಿಯಂನಂಥ ವಿಷ ಇರುತ್ತೆ. ಪುಕ್ಕಟೆ ಸಿಕ್ಕಿತು ಅಂತ ಅದನ್ನು ಪಾಯಕ್ಕೆ ತುಂಬಬೇಡಿ. ಮಳೆ ಬಂದಾಗ ವಿಷ ನೆಲಕ್ಕೆ ಇಳಿದು ಬೋರ್‌ವೆಲ್ ನೀರಿಗೆ ಸೇರಬಹುದು. ಮಕ್ಕಳು ಮುಟ್ಟದಂತೆ ನೋಡಿಕೊಳ್ಳಿ. ಯಾರಾದರೂ ಬಯಲಲ್ಲಿ ಸುರಿಯುವುದು ಕಂಡರೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಅರ್ಜಿ ಬರೆಯಿರಿ. ಬರೆಯಲು ಈಗ ನಿಮಗೆ ಬರುತ್ತೆ.

ಉತ್ತರ ಬರೆಯಿರಿ:
1. ಕಿಟ್ಟ ಎಂದರೇನು?
2. ಅದು ಗಾಜಿನ ಕಾಳು ಆಗುವುದು ಹೇಗೆ?
3. ಸ್ಲ್ಯಾಗ್ ಸಿಮೆಂಟಿಗೆ ಎಷ್ಟು ದಿನ ನೀರು ಹೊಡೆಯಬೇಕು?