ತೂಕ ಇಳಿಸುವವರ ತಟ್ಟೆಯಲ್ಲಿ ಕಾಳು ಕಡಿಮೆಯಾಗದಿರಲಿ

ಕಪಿಲಾ ಮತ್ತು ಕಾವೇರಿ ನದಿಗಳ ನೀರುಂಡ ನಂಜನಗೂಡು, ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಊಟದಲ್ಲಿ ಎರಡು ಧಾನ್ಯಗಳಿಗೆ ಪ್ರಧಾನ ಸ್ಥಾನ: ನಾಲೆಯ ಬಯಲಿನ ಭತ್ತ, ಬೆದ್ದಲು ಹೊಲದ ರಾಗಿ. ಉಳುಮೆ, ನಾಟಿ, ಕಳೆ, ಕೊಯ್ಲು ಎಂದು ದಿನವಿಡೀ ದುಡಿಯುತ್ತಿದ್ದ ನಮ್ಮ ಹಿರಿಯರಿಗೆ ಎರಡು ಮುದ್ದೆ, ಮೇಲೊಂದಿಷ್ಟು ಅನ್ನ ಅಧಿಕವೆನಿಸುತ್ತಿರಲಿಲ್ಲ. ಇಂದು ಹೊಲ ಉಳುವುದು ಟ್ರ್ಯಾಕ್ಟರ್. ಮನೆಯ ಮಕ್ಕಳು ಕಾರ್ಖಾನೆ, ಕಚೇರಿ, ಅಂಗಡಿಗಳಲ್ಲಿದ್ದಾರೆ. ದುಡಿಮೆ ಬದಲಾಯಿತು, ತಟ್ಟೆ ಮಾತ್ರ ಹಾಗೆಯೇ ಉಳಿಯಿತು. ಉಳಿದ ಶಕ್ತಿ ಹೊಟ್ಟೆ, ಸೊಂಟಗಳ ಸುತ್ತ ಕೊಬ್ಬಾಗಿ ಕೂಡಿಕೊಳ್ಳುತ್ತಿದೆ.

ವೈದ್ಯರು ತೂಕ ಇಳಿಸಿರೆಂದ ಕೂಡಲೇ ನಮ್ಮಲ್ಲಿ ಅನೇಕರು ಊಟವನ್ನೇ ಬಿಡುತ್ತಾರೆ. ರಾತ್ರಿ ಎರಡು ಬಾಳೆಹಣ್ಣಿನಲ್ಲಿ ಮುಗಿಸುತ್ತಾರೆ. ತೂಕ ಇಳಿಯುವುದು ನಿಜ. ಆದರೆ ಕೊಬ್ಬಿನೊಡನೆ ಮಾಂಸಖಂಡವೂ ಕರಗಿದರೆ ನಿಶ್ಶಕ್ತಿ ಆವರಿಸುತ್ತದೆ. ಮತ್ತೆ ಮೊದಲಿನಂತೆ ಉಂಡಾಗ ತೂಕ ಬೇಗನೆ ಮರಳುತ್ತದೆ. ಆದ್ದರಿಂದ ಎಷ್ಟು ಕಡಿಮೆ ಉಣ್ಣಬೇಕು ಎಂಬುದರ ಜೊತೆಗೆ ಯಾವುದನ್ನು ಕಡಿಮೆ ಮಾಡಬಾರದು ಎಂಬುದನ್ನೂ ನಾವು ಅರಿಯಬೇಕು.

ಲೆಕ್ಕದ ಮೂಲ

ಆಹಾರದ ಶಕ್ತಿಯನ್ನು ಕ್ಯಾಲೊರಿಗಳಲ್ಲಿ ಅಳೆಯುತ್ತಾರೆ. ಒಂದು ಗ್ರಾಂ ಶರ್ಕರಪಿಷ್ಟದಿಂದ 4, ಒಂದು ಗ್ರಾಂ ಸಸಾರಜನಕದಿಂದ 4, ಒಂದು ಗ್ರಾಂ ಕೊಬ್ಬಿನಿಂದ 9 ಕ್ಯಾಲೊರಿ ದೊರೆಯುತ್ತದೆ. ಮಾಂಸಖಂಡವನ್ನು ಕಾಯುವುದು ಸಸಾರಜನಕ, ಅಂದರೆ ಪ್ರೋಟೀನ್. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 2020ರಲ್ಲಿ ಸೂಚಿಸಿದಂತೆ ಆರೋಗ್ಯವಂತ ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಸಸಾರಜನಕ ಬೇಕು. ತೂಕ ಇಳಿಸುವಾಗ ಇರಬೇಕಾದ ತೂಕದ ಪ್ರತಿ ಕಿಲೋಗೆ ಸುಮಾರು 1 ಗ್ರಾಂ ಇರುವುದು ಲೇಸು.

ಈಗ ನಮ್ಮ ಊಟವನ್ನು ನೋಡೋಣ. ದಿನಕ್ಕೆ ರಾಗಿ, ಅಕ್ಕಿ ಸೇರಿ 300 ಗ್ರಾಂ ಉಣ್ಣುವವರಿಗೆ ಅದರಿಂದಲೇ ಸುಮಾರು 1,000 ಕ್ಯಾಲೊರಿ ಹಾಗೂ 22 ಗ್ರಾಂ ಸಸಾರಜನಕ ಸಿಗುತ್ತದೆ. ಇದನ್ನು ಅರ್ಧಕ್ಕೆ ಇಳಿಸಿದರೆ 500 ಕ್ಯಾಲೊರಿಯೊಡನೆ 11 ಗ್ರಾಂ ಸಸಾರಜನಕವೂ ಕೈಬಿಡುತ್ತದೆ. ಆ ಜಾಗದಲ್ಲಿ 50 ಗ್ರಾಂ ಹುರುಳಿಕಾಳು ತಿಂದರೆ 165 ಕ್ಯಾಲೊರಿ ಸೇರುತ್ತದೆ, ಹೋದ 11 ಗ್ರಾಂ ಸಸಾರಜನಕ ಮರಳಿ ಬರುತ್ತದೆ. ಸಸಾರಜನಕ ಕುಂದದೆ 335 ಕ್ಯಾಲೊರಿ ಕಡಿಮೆಯಾಯಿತು. ಇದೇ ಸಮತೋಲನದ ಗುಟ್ಟು.

ಕಟ್ಟು ನಮಗೆ, ಕಾಳು ದನಕ್ಕೆ?

ಹುರುಳಿ ಬೇಯಿಸಿ, ಕಟ್ಟನ್ನು ಸಾರಿಗೆ ಬಸಿದು, ಕಾಳನ್ನು ದನಕ್ಕೆ ಇಡುವ ರೂಢಿ ನಮ್ಮ ಹಳ್ಳಿಮನೆಗಳಲ್ಲಿದೆ. ಸಸಾರಜನಕದ ಬಹುಪಾಲು ಕಾಳಿನಲ್ಲೇ ಉಳಿಯುತ್ತದೆ. ಕಟ್ಟಿನಲ್ಲಿ ರುಚಿಯೇ ಹೆಚ್ಚು. ಬಸ್ಸಾರು ಮಾಡಿದ ದಿನ ಸೊಪ್ಪು, ಕಾಳಿನ ಪಲ್ಯ ತಟ್ಟೆಯ ಅಂಚಿಗೆ ಸರಿಯದೆ ಮುದ್ದೆಯಷ್ಟೇ ಜಾಗ ಪಡೆಯಬೇಕು. ಅವರೆ, ಅಲಸಂದೆ, ಹೆಸರುಕಾಳು, ತೊಗರಿಬೇಳೆಗಳಿಗೂ ಇದೇ ಮಾತು. ಧಾನ್ಯದಲ್ಲಿ ಕೊರತೆಯಿರುವ ಲೈಸಿನ್ ಎಂಬ ಅಂಶವನ್ನು ಕಾಳು ತುಂಬಿಕೊಡುವುದರಿಂದ ಮುದ್ದೆ, ಕಾಳುಗಳದು ಒಳ್ಳೆಯ ಜೋಡಿ.

ಆದರೆ ಕಾಳಿನಲ್ಲಿಯೂ ಅರ್ಧಕ್ಕಿಂತ ಹೆಚ್ಚು ಶರ್ಕರಪಿಷ್ಟವಿದೆ. ಎಂದಿನ ಅನ್ನದ ಮೇಲೆ ಕಾಳನ್ನೂ ಸೇರಿಸಿದರೆ ತೂಕ ಇಳಿಯದು. ಅನ್ನ ತಗ್ಗಿಸಿ ಆ ಜಾಗಕ್ಕೆ ಕಾಳು ತರಬೇಕು. ಸಸ್ಯಾಹಾರಿಗಳಾದ ನಮಗೆ ಉಳಿದ ಆಸರೆ ಕೆನೆ ತೆಗೆದ ಹಾಲು, ಅದರ ಮೊಸರು. ಕೊಬ್ಬು ಹೋದರೂ ಸಸಾರಜನಕ ಅಲ್ಲೇ ಇರುತ್ತದೆ.

ಒಂದು ದಿನದ ಅಳತೆ

ಇರಬೇಕಾದ ತೂಕ 60 ಕಿಲೋ ಆಗಿರುವ, ಕುಳಿತು ದುಡಿಯುವ ವ್ಯಕ್ತಿಗೆ ಒಂದು ಮಾದರಿ (ಧಾನ್ಯ, ಕಾಳುಗಳ ತೂಕ ಬೇಯಿಸುವ ಮೊದಲಿನದು):

• ರಾಗಿಹಿಟ್ಟು 75 ಗ್ರಾಂ, ಅಕ್ಕಿ 75 ಗ್ರಾಂ
• ಬೇಳೆ, ಕಾಳು ಒಟ್ಟು 100 ಗ್ರಾಂ
• ಕೆನೆ ತೆಗೆದ ಹಾಲು, ಮೊಸರು ಒಟ್ಟು 400 ಮಿಲಿ
• ಸೊಪ್ಪು, ತರಕಾರಿ 400 ಗ್ರಾಂ (ಗೆಡ್ಡೆಗಳನ್ನು ಬಿಟ್ಟು)
• ಕಡಲೆಬೀಜ 20 ಗ್ರಾಂ
• ಹಣ್ಣು ಒಂದು. ಸಣ್ಣದಾದರೆ ನಮ್ಮ ರಸಬಾಳೆಯೂ ಆಗಬಹುದು
• ಎಣ್ಣೆ, ತುಪ್ಪ ಸೇರಿ ಮೂರು ಸಣ್ಣ ಚಮಚ

ಇದರಿಂದ ಸುಮಾರು 1,500 ಕ್ಯಾಲೊರಿ, 58 ಗ್ರಾಂ ಸಸಾರಜನಕ ದೊರೆಯುತ್ತದೆ. ಲೆಕ್ಕ ತಪ್ಪುವುದು ಹೆಚ್ಚಾಗಿ ಎಣ್ಣೆಯಲ್ಲಿ. ಐದು ಗ್ರಾಂನ ಒಂದು ಚಮಚಕ್ಕೆ 45 ಕ್ಯಾಲೊರಿ. ತಲೆಗೆ ತಿಂಗಳಿಗೆ ಅರ್ಧ ಲೀಟರ್ ಎಂದು ಮೊದಲೇ ಅಳೆದಿಟ್ಟರೆ ದಿನದಿನದ ತಾಪತ್ರಯ ತಪ್ಪುತ್ತದೆ. ಸಾರಿಗೆ ರುಬ್ಬುವ ಕಾಯಿತುರಿಯೂ ಕೊಬ್ಬಿನ ಲೆಕ್ಕಕ್ಕೇ ಸೇರುತ್ತದೆ.

ಜಾತ್ರೆ, ದಾಸೋಹಗಳಲ್ಲಿ ಪ್ರಸಾದವನ್ನು ನಿರಾಕರಿಸಬೇಕಿಲ್ಲ. ತಟ್ಟೆಗೆ ಬಂದುದನ್ನು ಉಳಿಸದಿರುವುದು ನಮ್ಮ ನಡೆ. ಆದಕಾರಣ ಅಳತೆಯು ಬಡಿಸಿಕೊಳ್ಳುವಾಗಲೇ ಆಗಬೇಕು: ಪಾಯಸ ಒಂದು ಸೌಟು, ಅನ್ನ ಅರ್ಧ, ಕೋಸಂಬರಿ ಧಾರಾಳ.

ಎಚ್ಚರಿಕೆಯ ಮಾತು

ವಾರಕ್ಕೆ ಅರ್ಧ ಕಿಲೋದಷ್ಟು ಇಳಿಕೆ ಸಾಕು, ಅವಸರ ಬೇಡ. ನಿತ್ಯದ ನಡಿಗೆಯ ಜೊತೆಗೆ ಕುಳಿತೇಳುವುದು, ಭಾರ ಎತ್ತುವುದು ಮುಂತಾದ ವ್ಯಾಯಾಮವಿದ್ದರೆ ಮಾಂಸಖಂಡ ಉಳಿಯುತ್ತದೆ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಅನ್ನ, ಮುದ್ದೆಯನ್ನು ದಿಢೀರನೆ ತಗ್ಗಿಸಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಅವರೂ ಮೂತ್ರಪಿಂಡದ ತೊಂದರೆಯುಳ್ಳವರೂ ವೈದ್ಯರನ್ನು ಕಂಡ ಬಳಿಕವೇ ಊಟ ಬದಲಿಸಬೇಕು. ಗರ್ಭಿಣಿಯರು, ಬಾಣಂತಿಯರು, ಬೆಳೆಯುವ ಮಕ್ಕಳು ಈ ಮಾದರಿಯನ್ನು ಅನುಸರಿಸಬಾರದು.

ಉಳಿದವರು ನಾಳೆಯೇ ಆರಂಭಿಸಬಹುದು. ಮುದ್ದೆ ಒಂದಿಷ್ಟು ಚಿಕ್ಕದಾಗಲಿ, ಬಸಿದಿಟ್ಟ ಕಾಳು ತಟ್ಟೆಗೆ ಮರಳಲಿ.