ಎಡಗಾಲಿನ ಕೂಲಿ

ಕಬ್ಬು ಕಡಿಯುವ ಕಾಲದಲ್ಲಿ ಮಂಡ್ಯದ ಮಗ್ಗುಲಿನ ಗುತ್ತಲಿನಲ್ಲಿ ರಸ್ತೆಬದಿ ನಿಂತರೆ, ಬರುತ್ತಿರುವ ಗಾಡಿ ಖಾಲಿಯೋ ತುಂಬಿದೆಯೋ ಎಂದು ಕಣ್ಣು ಮುಚ್ಚಿಕೊಂಡೇ ಹೇಳಬಹುದು. ಖಾಲಿ ಲಾರಿ ಸರಸರನೆ ಗೇರು ಬದಲಿಸಿಕೊಂಡು ಹೊರಟುಹೋಗುತ್ತದೆ. ಕಬ್ಬು ಹೇರಿದ್ದು ಒಂದೇ ಗೇರಿನಲ್ಲಿ ಗೊಣಗುತ್ತ ಬರುತ್ತದೆ. ಮುಂದೆ ಸಕ್ಕರೆ ಕಾರ್ಖಾನೆಯ ಬಳಿ ಸಾಲು ಸಿಕ್ಕರಂತೂ ಹತ್ತು ಮಾರು ಚಲಿಸುವುದು, ನಿಲ್ಲುವುದು, ಮತ್ತೆ ಹತ್ತು ಮಾರು. ಅಷ್ಟಷ್ಟಕ್ಕೂ ಚಾಲಕನ ಎಡಗಾಲು ಕ್ಲಚ್ ತುಳಿಯಬೇಕು, ಬಿಡಬೇಕು.

1933ರಲ್ಲಿ ಮೈಷುಗರ್ ಸ್ಥಾಪನೆಯಾದ ಕಾಲಕ್ಕೆ ಈ ತೊಂದರೆ ಇರಲಿಲ್ಲ. ಆಗ ಕಬ್ಬು ಎಳೆಯುತ್ತಿದ್ದುದು ಎತ್ತು. ಭಾರ ಹೆಚ್ಚಾದರೆ ಅದು ತಾನಾಗಿಯೇ ಹೆಜ್ಜೆ ನಿಧಾನಿಸಿ ಹೆಗಲು ಕೊಡುತ್ತದೆ. ಡೀಸೆಲ್ ಎಂಜಿನ್ನಿಗೆ ಆ ಬುದ್ಧಿಯಿಲ್ಲ. ಅದಕ್ಕೆ ಶಕ್ತಿಯಿರುವುದು ಒಂದು ಮಿತಿಯ ವೇಗದೊಳಗೆ ಮಾತ್ರ. ಅದಕ್ಕಿಂತ ಕೆಳಗಿಳಿದರೆ ಕೆಮ್ಮಿ ನಿಂತುಬಿಡುತ್ತದೆ. ಎಂಜಿನ್ನನ್ನು ಆ ಮಿತಿಯಲ್ಲೇ ಇಟ್ಟು ಚಕ್ರವನ್ನು ಬೇಕಾದಷ್ಟು ನಿಧಾನ ಮಾಡುವುದೇ ಗೇರಿನ ಕೆಲಸ. ಯಾವಾಗ, ಎಷ್ಟು ಎಂದು ತೀರ್ಮಾನಿಸುವವರು ಯಾರು ಎಂಬುದೇ ಕೈಗೇರು ಮತ್ತು ಸ್ವಯಂಚಾಲಿತ ಗೇರಿನ ನಡುವಿನ ಜಗಳ.

ಹಳೆಯ ಲಾರಿಗಳಲ್ಲಿ ಈ ತೀರ್ಮಾನವೊಂದು ವಿದ್ಯೆಯೇ ಆಗಿತ್ತು. ಕೆಳಗಿನ ಗೇರಿಗೆ ಬರಬೇಕಾದರೆ ಕ್ಲಚ್ ತುಳಿದು ನ್ಯೂಟ್ರಲ್‌ಗೆ ತರಬೇಕು, ಕ್ಲಚ್ ಬಿಟ್ಟು ಎಂಜಿನ್ನನ್ನು ಅಳತೆಯಾಗಿ ರೇಸ್ ಮಾಡಬೇಕು, ಮತ್ತೆ ಕ್ಲಚ್ ತುಳಿದು ಗೇರು ಹಾಕಬೇಕು. ಅಳತೆ ತಪ್ಪಿದರೆ ಹಲ್ಲು ಕಡಿದಂಥ ಸದ್ದು ಊರಿಗೆಲ್ಲ ಕೇಳುತ್ತಿತ್ತು. ಹಲ್ಲುಗಳ ವೇಗವನ್ನು ತಾನೇ ಹೊಂದಿಸುವ ಸಿಂಕ್ರೋಮೆಶ್ ಗೇರು 1928ರಲ್ಲೇ ಅಮೆರಿಕದ ಕ್ಯಾಡಿಲಾಕ್ ಕಾರಿಗೆ ಬಂದಿದ್ದರೂ ನಮ್ಮ ಲಾರಿಗಳನ್ನು ಮುಟ್ಟಲು ಬಹಳ ಕಾಲ ಹಿಡಿಯಿತು.

ಪೂರ್ತಿ ಸ್ವಯಂಚಾಲಿತ ಗೇರಿನಲ್ಲಿ ಕ್ಲಚ್ ಪೆಡಲೇ ಇಲ್ಲ. ಓಡುತ್ತಿರುವ ಟೇಬಲ್ ಫ್ಯಾನಿನ ಎದುರು ಇನ್ನೊಂದು ಫ್ಯಾನನ್ನು ವೈರು ಚುಚ್ಚದೆ ಇಟ್ಟು ನೋಡಿ; ಗಾಳಿಗೆ ಅದೂ ತಿರುಗುತ್ತದೆ. ಗಾಳಿಯ ಬದಲು ಎಣ್ಣೆ ತುಂಬಿದರೆ ಅದೇ ಟಾರ್ಕ್ ಕನ್ವರ್ಟರಿನ ಮೂಲತತ್ತ್ವ. ಜರ್ಮನಿಯ ಹೆರ್ಮಾನ್ ಫೋಟಿಂಗರ್ 20ನೇ ಶತಮಾನದ ಆರಂಭದಲ್ಲಿ ಇದನ್ನು ರೂಪಿಸಿದ್ದು ಹಡಗುಗಳಿಗಾಗಿ. ಚಕ್ರ ನಿಂತಿದ್ದರೂ ಎಂಜಿನ್ ನಿಲ್ಲದು, ಹೊರಡುವಾಗ ಎಳೆತವೂ ಹೆಚ್ಚು. ಎತ್ತಿನ ಸ್ವಭಾವ ಮತ್ತೆ ಬಂದಂತೆಯೇ ಸರಿ. ಆದರೆ ಎಣ್ಣೆ ಕಲಕುವುದರಲ್ಲಿ ಒಂದಿಷ್ಟು ಶಕ್ತಿ ಬರಿದೇ ಶಾಖವಾಗಿ ಹೋಗುತ್ತದೆ. ವೇಗ ಹಿಡಿದ ಮೇಲೆ ಎರಡು ಬದಿಯನ್ನೂ ಬಿಗಿದುಬಿಡುವ ಲಾಕ್ ವ್ಯವಸ್ಥೆ ಈಗ ಆ ನಷ್ಟವನ್ನು ಬಹುಪಾಲು ತಗ್ಗಿಸಿದೆ.

ಇದು ನಮಗೆ ದೂರದ ಯಂತ್ರವೇನೂ ಅಲ್ಲ. ಮಂಡ್ಯದಿಂದ ಐವತ್ತು ಕಿಲೋಮೀಟರಿಗೂ ಕಡಿಮೆ ದೂರದ ಮೈಸೂರಿನಲ್ಲಿ ಬಿಇಎಂಎಲ್ ತಯಾರಿಸುವ ಗಣಿ ಡಂಪರುಗಳಲ್ಲಿ ಇಂಥ ಗೇರುಗಳಿವೆ. 2006ರಲ್ಲಿ ಬೆಂಗಳೂರಿನ ರಸ್ತೆಗಿಳಿದ ಬಿಎಂಟಿಸಿಯ ವೋಲ್ವೋ ಬಸ್ಸುಗಳಲ್ಲೂ ಇದ್ದವು. ಅಮೆರಿಕದಲ್ಲಂತೂ ಭಾರಿ ಪಿಕಪ್‌ಗಳಲ್ಲಿ ಕೈಗೇರು ಉಳಿದಿದ್ದ ಕೊನೆಯ ಮಾದರಿ, ಕಮಿನ್ಸ್ ಡೀಸೆಲ್ ಎಂಜಿನ್ನಿನ ರ‍್ಯಾಮ್, 2018ರ ಮಾದರಿಗೆ ಅದನ್ನು ಕೊನೆಗಾಣಿಸಿತು. ಮದ್ದೂರಿನಿಂದ ಎಳನೀರು ಹೊತ್ತು ಹೊರಡುವ ಪಿಕಪ್‌ಗಳಲ್ಲಿ ಮಾತ್ರ ಇಂದಿಗೂ ಕೈಗೇರಿನವೇ ಹೆಚ್ಚು.

ಕಾರಣ ಸರಳ. ಕೈಗೇರಿನ ಗಾಡಿ ಅಗ್ಗ. ಕ್ಲಚ್ ಪ್ಲೇಟು ಸುಟ್ಟರೆ ತಾಲ್ಲೂಕಿನ ಯಾವ ಮೆಕ್ಯಾನಿಕ್ಕಾದರೂ ಬದಲಾಯಿಸಿ ಕೊಡುತ್ತಾನೆ. ಈಚಿನ ಎಎಂಟಿ ಒಂದು ನಡುದಾರಿ: ಅದೇ ಕ್ಲಚ್, ಅದೇ ಗೇರು, ತುಳಿಯುವ ಮತ್ತು ಎಳೆಯುವ ಕೆಲಸವನ್ನು ಮಾತ್ರ ಕಂಪ್ಯೂಟರ್ ಹೇಳಿದಂತೆ ಗಾಳಿಯ ಒತ್ತಡವೋ ಮೋಟಾರೋ ಮಾಡುತ್ತದೆ.

ಕೈಗೇರಿನವರ ಗಟ್ಟಿ ವಾದ ಇಳಿಜಾರಿನದು. ಶಿರಾಡಿ ಘಾಟಿಯಲ್ಲಿ ಭಾರದ ಲಾರಿಯನ್ನು ಹಿಡಿದಿಡಬೇಕಾದ್ದು ಕೆಳಗೇರಿನಲ್ಲಿರುವ ಎಂಜಿನ್. ಬ್ರೇಕನ್ನೇ ನಂಬಿದರೆ ಅದು ಕಾದು ಕೈಕೊಡುತ್ತದೆ. ತಿರುವನ್ನು ಮುಂಚೆಯೇ ಕಾಣುವವನು ಚಾಲಕ ತಾನೆ? ಮಾತು ನಿಜ. ಆದರೆ ಇದೇ ಕೈಗೇರು ಡೀಸೆಲ್ ಉಳಿಸುವ ಹೆಸರಿನಲ್ಲಿ ನ್ಯೂಟ್ರಲ್ ಹಾಕಿ ಇಳಿಯುವ ಅಪಾಯದ ಚಾಳಿಗೂ ದಾರಿ ಕೊಟ್ಟಿದೆ. ಆ ಉಳಿತಾಯವೂ ಸುಳ್ಳು. ಗೇರಿನಲ್ಲಿ ಇಳಿಯುವಾಗ ಆಕ್ಸಿಲರೇಟರ್ ಬಿಟ್ಟರೆ ಚಕ್ರವೇ ಎಂಜಿನ್ನನ್ನು ತಿರುಗಿಸುವುದರಿಂದ ಡೀಸೆಲ್ ಪೂರೈಕೆ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಾದರೆ ಎಂಜಿನ್ ಉರಿಯುತ್ತಿರಲು ಡೀಸೆಲ್ ಬೇಕೇ ಬೇಕು.

ಲಾರಿ ಕೊಳ್ಳುವವನು ಮಾಲೀಕ, ತುಳಿಯುವವನು ಚಾಲಕ. ಮಾಲೀಕನ ಲೆಕ್ಕದ ಪುಸ್ತಕದಲ್ಲಿ ಕ್ಲಚ್ ಪ್ಲೇಟಿನ ಖರ್ಚಿದೆ, ಮೊಣಕಾಲಿನದಿಲ್ಲ. ಹೀಗಿರುವಲ್ಲಿ ಎಡಗಾಲಿಗೆ ಬಿಡುವು ಕೊಡಲೆಂದು ದುಬಾರಿ ಗಾಡಿ ಕೊಳ್ಳುವವರು ಎಷ್ಟು ಮಂದಿ? 2025ರ ಅಕ್ಟೋಬರ್ 1ರಿಂದ ತಯಾರಾಗುವ, ಮೂರೂವರೆ ಟನ್ನಿಗೆ ಮೇಲ್ಪಟ್ಟ ಲಾರಿಗಳ ಕ್ಯಾಬಿನ್ನಿಗೆ ಎಸಿ ಇರಲೇಬೇಕೆಂದು ಸರ್ಕಾರ ಕಡ್ಡಾಯ ಮಾಡಿದೆ. ಚಾಲಕನ ಬೆವರು ಹಾಗೆ ಕಾನೂನಿನ ಕಣ್ಣಿಗೆ ಬಿತ್ತು. ಕ್ಲಚ್ಚಿನ ಮಾತು ಅದರಲ್ಲಿಲ್ಲ.