ಎರಡೂ ಕಾಲು ಸೋತರೆ ಅದು ಲಕ್ವವೇ?

ಮೂವತ್ತರ ಆಸುಪಾಸಿನ ಗಟ್ಟಿಮುಟ್ಟಾದ ಗಂಡಸು. ರಾತ್ರಿ ಬೀಗರೂಟದಲ್ಲಿ ಅನ್ನ, ಸಿಹಿ ಹೊಟ್ಟೆ ತುಂಬ ಉಂಡು ಮಲಗಿದವನು ಬೆಳಗಿನ ಜಾವ ಏಳಲು ಹೋದರೆ ತೊಡೆಗಳು ಮೇಲೇಳುವುದಿಲ್ಲ. ಚಿವುಟಿದರೆ ನೋವು ಗೊತ್ತಾಗುತ್ತದೆ. ಮಾತು ಸ್ಪಷ್ಟ, ಬಾಯಿ ಸೊಟ್ಟಗಾಗಿಲ್ಲ. ಮನೆಯವರು ಮಾತ್ರ ‘ಲಕ್ವ ಹೊಡೆದಿದೆ’ ಎಂದು ನಾಟಿ ಔಷಧಿ ಕೊಡುವವರ ವಿಳಾಸ ಹುಡುಕುತ್ತಾರೆ.

ಲಕ್ವ ಸಾಮಾನ್ಯವಾಗಿ ಮೈಯ ಒಂದು ಪಕ್ಕವನ್ನು ಹಿಡಿಯುತ್ತದೆ. ಹೀಗೆ ಎರಡೂ ಕಾಲು ಒಟ್ಟಿಗೆ ಸೋತಾಗ ಥೈರಾಯ್ಡ್ ಕಡೆಗೂ ನೋಡಬೇಕು. ಥೈರಾಯ್ಡ್ ಹಾರ್ಮೋನು ಅತಿಯಾದ ಕೆಲವರಲ್ಲಿ ರಕ್ತದ ಪೊಟ್ಯಾಷಿಯಂ ದಿಢೀರನೆ ಸ್ನಾಯುಕೋಶಗಳ ಒಳಗೆ ಸೇರಿಬಿಡುತ್ತದೆ. ಭರ್ಜರಿ ಊಟದ ನಂತರ ಏರುವ ಇನ್ಸುಲಿನ್ ಅದಕ್ಕೆ ಕುಮ್ಮಕ್ಕು ಕೊಡುತ್ತದೆ. ಮೈಮುರಿಯುವ ದುಡಿಮೆಯ ನಂತರದ ವಿಶ್ರಾಂತಿಯಲ್ಲೂ ಹೀಗಾಗಬಹುದು. ವೈದ್ಯರು ಇದನ್ನು ಥೈರೋಟಾಕ್ಸಿಕ್ ಪೀರಿಯಾಡಿಕ್ ಪ್ಯಾರಾಲಿಸಿಸ್ ಎನ್ನುತ್ತಾರೆ.

‘ಥೈರಾಯ್ಡ್ ಹೆಂಗಸರ ಕಾಯಿಲೆ’ ಎಂಬ ಮಾತು ಇಲ್ಲಿ ತಲೆಕೆಳಗು. ಥೈರಾಯ್ಡ್ ತೊಂದರೆ ಹೆಂಗಸರಲ್ಲೇ ಹೆಚ್ಚಾದರೂ ಈ ಸೋಲು ಬರುವುದು ಬಹುಪಾಲು 20ರಿಂದ 40 ವರ್ಷದ ಗಂಡಸರಿಗೆ. ಗಂಟಲು ಊದಿರಲೇಬೇಕು, ತೂಕ ಇಳಿದಿರಲೇಬೇಕು ಎಂದೂ ಇಲ್ಲ. ಎಷ್ಟೋ ಜನರಿಗೆ ಕಾಲು ಬಿದ್ದುಹೋಗುವುದೇ ಥೈರಾಯ್ಡ್‌ನ ಮೊದಲ ಸೂಚನೆ.

ನನಗೆ ಅತಿ ಹೆಚ್ಚು ಭಯ ಹುಟ್ಟಿಸುವ ನಂಬಿಕೆ, ‘ನಿಶ್ಶಕ್ತಿಗೆ ಒಂದು ಗ್ಲೂಕೋಸ್ ಬಾಟಲಿ ಏರಿಸಿದರೆ ಸಾಕು’ ಎಂಬುದು. ಗ್ಲೂಕೋಸ್ ಹೋದಂತೆ ಇನ್ಸುಲಿನ್ ಏರುತ್ತದೆ, ಪೊಟ್ಯಾಷಿಯಂ ಇನ್ನೂ ಕುಸಿಯುತ್ತದೆ, ಹೃದಯದ ಬಡಿತವೇ ಹಳಿ ತಪ್ಪಬಹುದು. ಒಳ್ಳೆಯದಾಗಲೆಂದು ಹಾಕಿಸಿದ ಬಾಟಲಿಯೇ ಜೀವಕ್ಕೆ ಎರವಾದೀತು.

ಹಾಗಾದರೆ ಪೊಟ್ಯಾಷಿಯಂ ಇರುವ ಎಳನೀರು, ಬಾಳೆಹಣ್ಣು ಕೊಟ್ಟರೆ? ದೇಹದಲ್ಲಿ ಪೊಟ್ಯಾಷಿಯಂ ಬರಿದಾಗಿಲ್ಲ, ಜಾಗ ಬದಲಿಸಿದೆ ಅಷ್ಟೆ. ಸೋಲು ಬಿಡುವಾಗ ಅದು ರಕ್ತಕ್ಕೆ ವಾಪಸು ಬರುತ್ತದೆ. ಆದ್ದರಿಂದಲೇ ಆಸ್ಪತ್ರೆಯಲ್ಲೂ ಹೃದಯದ ಬಡಿತ ಗಮನಿಸುತ್ತ ಪೊಟ್ಯಾಷಿಯಂ ಅಳೆದು ಕೊಡುತ್ತಾರೆ. ಹೆಚ್ಚಾದರೆ ಅದೂ ಅಪಾಯ.

ಕೆಲವು ಗಂಟೆಗಳಲ್ಲಿ, ಹೆಚ್ಚೆಂದರೆ ಒಂದೆರಡು ದಿನದಲ್ಲಿ ಕಾಲಿಗೆ ಬಲ ಮರಳುತ್ತದೆ. ‘ತಾನಾಗಿ ವಾಸಿಯಾಯಿತಲ್ಲ’ ಎಂದು ಸುಮ್ಮನಾಗುವವರೇ ಹೆಚ್ಚು. ಆದರೆ ಥೈರಾಯ್ಡ್ ಹತೋಟಿಗೆ ಬರುವವರೆಗೆ ಕಾಲು ಮತ್ತೆ ಸೋಲಬಹುದು. ಮಾತ್ರೆ, ವಿಕಿರಣ ಅಯೋಡಿನ್ ಅಥವಾ ಶಸ್ತ್ರಚಿಕಿತ್ಸೆಯಿಂದ ಹಾರ್ಮೋನು ಸಮಸ್ಥಿತಿಗೆ ಬಂದರೆ ಈ ಸೋಲೂ ನಿಲ್ಲುತ್ತದೆ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಕಾಲು ಹೀಗೆ ಏಕಾಏಕಿ ಸೋತರೆ ತಡಮಾಡದೆ ದೊಡ್ಡಾಸ್ಪತ್ರೆಗೆ ಕರೆದೊಯ್ಯಿರಿ. ಇಸಿಜಿ, ಪೊಟ್ಯಾಷಿಯಂ, ಜೊತೆಗೆ ಥೈರಾಯ್ಡ್‌ನ ಟಿಎಸ್‌ಎಚ್ ಪರೀಕ್ಷೆಯೂ ಬೇಕೇ ಎಂದು ನೀವಾಗಿಯೇ ವೈದ್ಯರನ್ನು ಕೇಳಿ.